ಎರಡು ಇಂಜಿನ್ ಇದ್ದರೂ ಬ್ಯಾಗ್ ಯಾಕೆ ಇಳಿಸಬೇಕು?

ಪುಣೆಯಲ್ಲಿ ಏಪ್ರಿಲ್ ಮಧ್ಯಾಹ್ನದ ಶಿಫ್ಟ್ ಮಾಡಿದ, ವಿಮಾನದ ಹಾರಾಟದ ಲೆಕ್ಕ ಹಾಕುವ ಡಿಸ್ಪ್ಯಾಚರ್‌ಗಳಿಗೆಲ್ಲ ಈ ಜಗಳ ಗೊತ್ತು. ಲೋಡ್‌ಶೀಟ್ ಆಗಿದೆ, ಬೋರ್ಡಿಂಗ್ ನಡೆದಿದೆ, ಅಷ್ಟರಲ್ಲಿ ಹೊಸ ಮೆಟಾರ್ (ನಿಲ್ದಾಣದ ಹವಾಮಾನ ವರದಿ) ಬಂತು: 40 ಡಿಗ್ರಿ. ಲೆಕ್ಕ ಹಾಕಿದ್ದು 37ಕ್ಕೆ. ಆರ್‌ಟಿಒಡಬ್ಲ್ಯೂ, ಅಂದರೆ ಟೇಕಾಫ್‌ಗೆ ಅನುಮತಿ ಇರುವ ಗರಿಷ್ಠ ತೂಕ, ಇಳಿಯಿತು. ಬ್ಯಾಗ್ ಆಫ್‌ಲೋಡ್ ಮಾಡಿ ಎಂದೆ.

ಡ್ಯೂಟಿ ಮ್ಯಾನೇಜರ್ ಫೋನಿನಲ್ಲೇ ರೇಗಿದರು. "ನಿನ್ನೆ ಇದೇ ವಿಮಾನ ನಿಮಿಷಕ್ಕೆ 2,500 ಅಡಿ ಏರಿತಲ್ಲ?" ಬೆಳಗಾವಿ ಕಡೆಯ ಲೋಡರ್ ಕೇಳಿದ್ದು ಇನ್ನೂ ನೇರವಾಗಿತ್ತು: "ಎರಡು ಇಂಜಿನ್ ಅದಾವಲ್ರೀ, ಸಾಹೇಬ್ರ?"

ಲೆಕ್ಕ ಇರುವುದೇ ಒಂದು ಇಂಜಿನ್ ನಿಂತಾಗಿನದ್ದು. ನಿಮಿಷಕ್ಕೆ ಎಷ್ಟು ಅಡಿ ಅನ್ನುವುದು, ಹಾರಲು ಬೇಕಾದ್ದು ಕಳೆದು ಉಳಿದ ಪವರ್‌ನ ಮಾತು. ಮುಂದಿನ ಗುಡ್ಡ ಕೇಳುವುದು ಎಷ್ಟು ದೂರದಲ್ಲಿ ಎಷ್ಟು ಎತ್ತರ ಅಂತ. ಅದು ಉಳಿದ ತಳ್ಳುಬಲದ, ಅಂದರೆ ಥ್ರಸ್ಟ್‌ನ ಮಾತು. ಪುಟ್ಟ ತರಬೇತಿ ವಿಮಾನ ಸೆಸ್ನಾ 172ಎಸ್‌ನಲ್ಲಿ ಕಲಿತವರಿಗೆ ನೆನಪಿರುತ್ತದೆ: ಸಮುದ್ರಮಟ್ಟದಲ್ಲಿ ಕಡಿದಾಗಿ ಏರಲು 62 ನಾಟ್, ಬೇಗ ಏರಲು 74. ಎರಡೂ ಬೇರೆ ಬೇರೆ.

ದುಂಡು ಲೆಕ್ಕ ನೋಡಿ. ತೂಕ 70 ಟನ್, ಒಂದೊಂದು ಇಂಜಿನ್‌ನ ಥ್ರಸ್ಟ್ 10 ಟನ್, ಡ್ರ್ಯಾಗ್ (ಗಾಳಿ ಹಿಂದಕ್ಕೆ ಎಳೆಯುವ ಬಲ) 7. ಎರಡೂ ಇದ್ದರೆ ಉಳಿಯುವುದು 13, ಅಂದರೆ ಶೇ 18ಕ್ಕಿಂತ ಜಾಸ್ತಿ ಏರು: ನೂರು ಅಡಿ ಮುಂದೆ ಹೋದರೆ 18 ಅಡಿಗಿಂತ ಹೆಚ್ಚು ಮೇಲೆ. ಒಂದು ನಿಂತರೆ ಉಳಿಯುವುದು 3, ಶೇ 4.3. ಅರ್ಧ ಥ್ರಸ್ಟ್ ಹೋದರೆ ಏರು ಕಾಲು ಭಾಗವೂ ಉಳಿಯುವುದಿಲ್ಲ, ಯಾಕೆಂದರೆ ಡ್ರ್ಯಾಗ್ ಹಾಗೇ ಇರುತ್ತದೆ. ಬಿಸಿಲಿಗೆ ಥ್ರಸ್ಟ್ 8.5ಕ್ಕೆ ಇಳಿದರೆ ಉಳಿಯುವುದು ಒಂದೂವರೆ ಟನ್, ಶೇ 2.1. ಸೆಕೆಂಡ್ ಸೆಗ್ಮೆಂಟ್‌ಗೆ, ಅಂದರೆ ಟೇಕಾಫ್ ಆಗಿ ಚಕ್ರ ಒಳಗೆ ಹೋದ ನಂತರದ ಏರಿಕೆಗೆ, ಎರಡು ಇಂಜಿನ್‌ನ ವಿಮಾನ ಒಂದು ನಿಂತಾಗಲೂ ಶೇ 2.4 ತೋರಿಸಲೇಬೇಕು. ಆಗ ತೂಕ ಇಳಿಸದೆ ದಾರಿಯಿಲ್ಲ. ತೂಕ ಇಳಿದರೆ ಡ್ರ್ಯಾಗ್ ಕೂಡ ಇಳಿಯುತ್ತದೆ.

ಫೋನ್ ಮತ್ತೆ ಮತ್ತೆ ಬಂತು. ಸಹಿ ನನ್ನದು, ಬಗ್ಗಲಿಲ್ಲ. ಕ್ಯಾಪ್ಟನ್ ತಮ್ಮ ಟ್ಯಾಬ್‌ನಲ್ಲಿ ಬೇರೆಯಾಗಿ ಲೆಕ್ಕ ಹಾಕುತ್ತಿದ್ದರು. ಆ ಹೊತ್ತು ಕಾಕ್‌ಪಿಟ್‌ನಲ್ಲಿ ಯಾರೂ ಮಾತಾಡಲಿಲ್ಲ. ಬಂದಿದ್ದು ನನ್ನದೇ ಅಂಕಿ. ಹೋಲ್ಡ್ ತೆರೆಸಿದೆವು, ಒಟಿಪಿ, ಅಂದರೆ ಸಮಯಕ್ಕೆ ಸರಿಯಾಗಿ ಹೊರಡುವ ದಾಖಲೆ, ಹೋಯಿತು.

ಈಗ ಬೋರ್ಡಿಂಗ್ ಶುರುವಾಗುವ ಮೊದಲೇ ಇನ್ನೂ ಮೂರು ಡಿಗ್ರಿ ಏರಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿಡುತ್ತೇನೆ. ಮೊದಲು ಇಳಿಸುವ ಬ್ಯಾಗ್‌ಗಳನ್ನು ಬಾಗಿಲ ಹತ್ತಿರವೇ ಇಡಿ ಅಂತ ರ್‍ಯಾಂಪ್‌ಗೂ ಹೇಳುತ್ತೇನೆ. ನಮ್ಮ ಸಾಫ್ಟ್‌ವೇರ್ ಬರೀ ತೂಕ ತೋರಿಸುತ್ತದೆ. ರನ್‌ವೇ ತಡೆಯಿತೋ ಕ್ಲೈಂಬ್ (ಏರಿಕೆ) ತಡೆಯಿತೋ, ಹೆಚ್ಚಿನ ತೂಕ ಯಾಕೆ ಬೇಡ ಅಂತ ಮೊದಲ ಪುಟದಲ್ಲೇ ಬಂದರೆ ಫೋನಿನ ಅರ್ಧ ಜಗಳ ನಿಲ್ಲುತ್ತದೆ. ಈ ಫ್ಲೈಟನ್ನು ಬೆಳಿಗ್ಗೆಗೆ ಹಾಕಿ ಅಂತಲೂ ಬರೆದೆ. ಸ್ಲಾಟ್ ಇಲ್ಲವಂತೆ. ಹಾಗಾದರೆ ಬೇಸಿಗೆಯಲ್ಲಿ ಸೀಟು ಕಡಿಮೆ ಮಾರಬೇಕು, ಅಲ್ವಾ?