ಏಣಿಯ ವಿಷಯ ನಾನು ಕೇಳಲೇ ಇಲ್ಲ

ನಮ್ಮ ಕೋರ್ಟಿನ ಮೆಟ್ಟಿಲು ಇಳಿಯುವಾಗ ಇವತ್ತಿಗೂ ಒಬ್ಬರ ನೆನಪಾಗುತ್ತದೆ. ಪೇಂಟರ್. ಆಗ ಅವರಿಗೆ 34 ವರ್ಷ. ಬೆಳಿಗ್ಗೆ ಸ್ಕೂಟರಿನಲ್ಲಿ ಕೆಲಸಕ್ಕೆ ಹೊರಟಿದ್ದರು. ಮುಂದಿದ್ದ ಕಾರು ಇಂಡಿಕೇಟರ್ ಹಾಕದೆ ಗಬಕ್ಕನೆ ಬಲಕ್ಕೆ ತಿರುಗಿತು. ಎಡಗಾಲಿನ ಮೂಳೆ ಪಾದದ ಕೀಲಿನ ಹತ್ತಿರವೇ ಮುರಿಯಿತು. ಪ್ಲೇಟು ಹಾಕಿ ಏಳು ಸ್ಕ್ರೂ ಬಿಗಿದರು.

ನಮ್ಮ ವಕೀಲರ ಆಫೀಸಿನಲ್ಲಿ ಎಂವಿಸಿ ಕೇಸುಗಳೇ, ಅಂದರೆ ವಾಹನ ಅಪಘಾತದ ಪರಿಹಾರದ ಕೇಸುಗಳೇ ಜಾಸ್ತಿ. ನಾನಾಗ ಜೂನಿಯರ್ ಆಗಿ ಮೂರನೇ ವರ್ಷ. ಅವರ ತಮ್ಮ ಬಂದು ಕರೆದಿದ್ದರಿಂದ ವಕಾಲತ್ತಿಗೆ ಸಹಿ ತರಲು ನಾನೇ ಆಸ್ಪತ್ರೆಗೆ ಹೋಗಿದ್ದೆ. ಪೆನ್ನು ಹಿಡಿದ ಅವರ ಕೈ ಈಗಲೂ ಕಣ್ಣ ಮುಂದಿದೆ. ಉಗುರಿನ ಸಂದಿಯಲ್ಲೆಲ್ಲ ಬಿಳಿ ಬಣ್ಣ, ಬೆರಳ ಗಂಟಿನ ಗೆರೆಗಳಲ್ಲಿ ಹಸಿರು. ಅಡ್ಮಿಟ್ ಆಗಿ ವಾರ ಆಗಿತ್ತು. ನಾನು ನೋಡುತ್ತಿರುವುದು ಗೊತ್ತಾಗಿ, "ಟರ್ಪೆಂಟೈನ್ ಹಾಕಿ ಉಜ್ಜಿದ್ರೂ ಇದು ಹೋಗಲ್ಲ ಮೇಡಂ" ಅಂದರು.

ಫೈಲು ಚೆನ್ನಾಗಿತ್ತು. ಎಫ್‌ಐಆರ್ ತಡ ಆಗಿರಲಿಲ್ಲ. ಚಾರ್ಜ್‌ಶೀಟ್ ಕಾರಿನವನ ಮೇಲೇ ಇತ್ತು. ಪಾಲಿಸಿ ಚಾಲ್ತಿಯಲ್ಲಿತ್ತು, ಡಿಎಲ್ ಸರಿಯಿತ್ತು. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ವಾಪಸ್ ಬಂದಿದ್ದರಿಂದ, ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ನಿನ ಪರಿಹಾರದ ಅರ್ಜಿಯನ್ನು ಎರಡೇ ತಿಂಗಳಲ್ಲಿ ಹಾಕಿದ್ದೆ. ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಪಿನ್ ಮಾಡಿದ್ದೆ. ಆಟೋ ಬಾಡಿಗೆಯ ಚೀಟಿ ಕೂಡ ಬಿಟ್ಟಿರಲಿಲ್ಲ. ಈ ಫೈಲಿನಲ್ಲಿ ಏನೂ ಬಾಕಿ ಉಳಿದಿಲ್ಲ ಅಂತ ನಂಬಿದ್ದೆ.

ಡಾಕ್ಟರು ಕೊಟ್ಟ ಡಿಸೆಬಿಲಿಟಿ ಸರ್ಟಿಫಿಕೇಟಿನಲ್ಲಿ ಕಾಲಿಗೆ 36 ಪರ್ಸೆಂಟ್, ಇಡೀ ದೇಹಕ್ಕೆ 12 ಪರ್ಸೆಂಟ್ ಅಂತ ಇತ್ತು. ಮೂರರಲ್ಲೊಂದು ಭಾಗ, ನಮ್ಮಲ್ಲಿ ಹಾಗೇ ನಡೆದುಕೊಂಡು ಬಂದಿದೆ. ಆ 12 ಅನ್ನೇ ಹಿಡಿದುಕೊಂಡು ಲೆಕ್ಕ ಹಾಕಿದೆ. ಆದಾಯಕ್ಕೆ ದಾಖಲೆ ಇಲ್ಲದ್ದರಿಂದ ತಿಂಗಳಿಗೆ 12,000 ರೂಪಾಯಿ. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಟೇಬಲ್ ಪ್ರಕಾರ 31ರಿಂದ 35 ವರ್ಷದವರಿಗೆ ಮಲ್ಟಿಪ್ಲೈಯರ್, ಅಂದರೆ ವರ್ಷದ ನಷ್ಟವನ್ನು ಗುಣಿಸುವ ಅಂಕಿ, 16. ಮುಂದಿನ ದುಡಿಮೆಯ ನಷ್ಟಕ್ಕೆ 2,76,480 ಬಂತು. ಆಸ್ಪತ್ರೆ ಬಿಲ್ಲು 1,38,000. ನಾಲ್ಕು ತಿಂಗಳು ಮಲಗಿದ್ದಕ್ಕೆ 48,000. ನೋವಿಗೆ, ನೋಡಿಕೊಂಡವರ ಖರ್ಚಿಗೆ, ಓಡಾಟಕ್ಕೆ ಅಂತ ಸೇರಿಸಿದರೆ ಐದೂಮುಕ್ಕಾಲು ಲಕ್ಷದ ಹತ್ತಿರ.

2024ರಲ್ಲಿ ಕೇಸು ಲೋಕ ಅದಾಲತ್ ಲಿಸ್ಟಿಗೆ ಬಂತು. ಅದಾಲತ್ ದಿನ ನಮ್ಮ ಕೋರ್ಟು ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಕಾರಿಡಾರಿನಲ್ಲಿ ಕಾಲಿಡಲು ಜಾಗ ಇರಲ್ಲ. ಒಂದೊಂದು ಕೇಸಿಗೆ ಐದು ನಿಮಿಷ, ಹತ್ತು ನಿಮಿಷ. ಸಂಜೆ ಎಷ್ಟು ಕೇಸು ಮುಗಿದವು ಅನ್ನುವ ಲೆಕ್ಕವನ್ನೇ ಎಲ್ಲರೂ ಕೇಳುತ್ತಾರೆ. ರಾಜಿ ಒಳ್ಳೆಯದೇ. ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ. ಆದರೆ ಒಬ್ಬ ಮನುಷ್ಯ ತನ್ನ ಕಾಲಿನ ವಿಷಯ ಹೇಳಿ ಮುಗಿಸುವಷ್ಟು ಹೊತ್ತನ್ನೂ ಕೊಡದ ಅವಸರ ಯಾರಿಗೆ ಬೇಕು? ಈ ಮಾತನ್ನು ಆಫೀಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಇವತ್ತಿಗೂ ಲಿಸ್ಟು ಉದ್ದ ಆಗುತ್ತಲೇ ಇದೆ.

ಆ ದಿನ ನನ್ನ ಕೈಯಲ್ಲಿ ಒಂಬತ್ತು ಫೈಲು. ಸೀನಿಯರ್ ಬೇರೆ ಹಾಲ್‌ನಲ್ಲಿದ್ದರು. ಇನ್ಶೂರೆನ್ಸ್ ಕಂಪನಿ ಆಫೀಸರು ನಾಲ್ಕು ಲಕ್ಷ ಅರವತ್ತು ಸಾವಿರದಿಂದ ಶುರು ಮಾಡಿದರು. ನಾನು ಐದು ಎಪ್ಪತ್ತೈದು ಅಂದೆ. "ಮೇಡಂ, 12 ಪರ್ಸೆಂಟ್ ಕೊಟ್ಟಿರೋದು ನಿಮ್ಮ ಡಾಕ್ಟರೇ. ನಾವು ಅದನ್ನ ಕಮ್ಮಿನೂ ಮಾಡ್ತಿಲ್ಲ" ಅಂದರು. ಹೇಳಿದ್ದು ನಿಜ. ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದರು. ಅಷ್ಟರಲ್ಲಿ ಸೀನಿಯರ್ ಫೋನು: "ಏನಮ್ಮ, ಎಷ್ಟಾಯ್ತು?" "ನಾಲ್ಕು ಫೈಲು ಸರ್." "ಬೇಗ ನೋಡಮ್ಮ, ಎರಡಕ್ಕೆ ಬೆಂಚ್ ಏಳುತ್ತೆ."

ಪೇಂಟರ್ ನನ್ನ ಪಕ್ಕದಲ್ಲೇ ನಿಂತಿದ್ದರು. ಕೂರಲು ಕುರ್ಚಿ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ. ಕೈ ಸ್ವಚ್ಛ, ಉಗುರು ಸ್ವಚ್ಛ. ಕೋರ್ಟಿಗೆ ಬರುತ್ತೇವೆ ಅಂತ ನೀಟಾಗಿ ಬಂದಿದ್ದಾರೆ ಅಂದುಕೊಂಡೆ. ಉಜ್ಜಿದರೂ ಹೋಗಲ್ಲ ಅಂತ ಅವರೇ ಹೇಳಿದ್ದ ಬಣ್ಣ ಎಲ್ಲಿ ಹೋಯಿತು ಅಂತ ಒಂದು ಕ್ಷಣವೂ ಯೋಚಿಸಲಿಲ್ಲ.

ಆಫೀಸರು ಕೊನೆಗೆ ಐದು ಅಂದರು. ಬಡ್ಡಿ ಸೇರಿಸಿ, ಗ್ಲೋಬಲ್, ಅಂದರೆ ಎಲ್ಲ ಬಾಬತ್ತಿಗೂ ಒಟ್ಟಿಗೆ. ನಾನು ಪೇಂಟರ್ ಕಡೆ ತಿರುಗಿದೆ. "ಐದು ಲಕ್ಷಕ್ಕೆ ಒಪ್ತಿದ್ದಾರೆ. ಈಗ ಮುಗಿಸಿದರೆ ದುಡ್ಡು ಬೇಗ ಬರುತ್ತೆ. ಏನು ಹೇಳ್ತೀರಿ?" ಆಸ್ಪತ್ರೆ ಬಿಲ್ಲಿಗೆ ಅವರು ಮೇಸ್ತ್ರಿ ಹತ್ತಿರ ಬಡ್ಡಿಗೆ ಸಾಲ ತಂದಿದ್ದರು. 2025ರ ಮೇ ತಿಂಗಳಲ್ಲಿ ಬಂದ ಕ್ಯಾಶ್‌ಲೆಸ್ ಸ್ಕೀಮಿನಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ಇವರ ಆಕ್ಸಿಡೆಂಟ್ ಆದಾಗ ಅದು ಇರಲಿಲ್ಲ. ಸಾಲಗಾರನಿಗೆ ಐದು ಲಕ್ಷ ಅಂದರೆ ಮೊದಲು ಕಾಣುವುದು ಸಾಲ ತೀರುವ ದಿನ.

ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ, "ಮೇಡಂ, ಏಣಿ..." ಅಂತ ಶುರು ಮಾಡಿದರು.

"ಅದನ್ನ ಆಮೇಲೆ ಮಾತಾಡೋಣ, ಈಗ ಒಪ್ಪಿಗೆನಾ ಹೇಳಿ" ಅಂದುಬಿಟ್ಟೆ.

"ಆಯ್ತು ಮೇಡಂ, ನೀವು ಹೇಳಿದ ಹಾಗೆ."

ಜಾಯಿಂಟ್ ಮೆಮೊಗೆ, ಅಂದರೆ ರಾಜಿ ಪತ್ರಕ್ಕೆ, ಸಹಿ ಬಿತ್ತು. ಸಂಧಾನಕಾರರು ಅವರನ್ನೂ ಒಂದು ಮಾತು ಕೇಳಿದರು, ಅವರು ತಲೆ ಆಡಿಸಿದರು. ನಾನು ಮುಂದಿನ ಫೈಲು ಬಿಚ್ಚಿದೆ.

ಮೂರು ಗಂಟೆಯ ಮೇಲೆ ಕೆಳಗೆ ಹೊರಟಾಗ ಅವರಿನ್ನೂ ಮೆಟ್ಟಿಲ ಮೇಲೇ ಇದ್ದರು. ಜನ ಕಡಿಮೆ ಆಗಲಿ ಅಂತ ಕಾದಿದ್ದರಂತೆ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಯನ್ನು ಅಡ್ಡ ತಿರುಗಿಸಿ, ಎಡಗಾಲು ಕೆಳಗಿಟ್ಟು, ಪಕ್ಕಕ್ಕೆ ಬಲಗಾಲು ತಂದು ನಿಲ್ಲುತ್ತಿದ್ದರು. ಮತ್ತೆ ಇನ್ನೊಂದು ಮೆಟ್ಟಿಲು. ಪಾದದ ಕೀಲು ಮಡಚುತ್ತಲೇ ಇರಲಿಲ್ಲ. ಪಾದ ಹಲಗೆಯ ಹಾಗೆ ಇಳಿಯುತ್ತಿತ್ತು. ಒಂದೂವರೆ ವರ್ಷದಲ್ಲಿ ಎಂಟು ಹತ್ತು ಸಲ ಅವರನ್ನು ನೋಡಿದ್ದೆ. ಎಲ್ಲ ಸಲವೂ ಅವರು ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತಿದ್ದರು, ನಾನು ಕಾಗದ ನೋಡುತ್ತಿದ್ದೆ.

"ಏಣಿ ಅಂದ್ರಲ್ಲ, ಏನು ಹೇಳೋಕೆ ಬಂದಿದ್ರಿ?" ಅಂತ ಆಗ ಕೇಳಿದೆ.

"ಏಣಿ ಹತ್ತೋಕೆ ಆಗಲ್ಲ ಮೇಡಂ. ಸಾರ್ವೆ ಮೇಲಂತೂ ನಿಲ್ಲೋಕೇ ಆಗಲ್ಲ. ಮೇಸ್ತ್ರಿ ಪಾಪ, ಎರಡು ಸಲ ಕರೆದು ನೋಡಿದರು. ಈಗ ಕೆಳಗೆ ನಿಂತು ಗೋಡೆ ಉಜ್ಜೋ ಕೆಲಸ ಇದ್ದರೆ ಕರೀತಾರೆ. ಹೆಲ್ಪರ್ ಕೂಲಿ. ಬ್ರಷ್ ಹಿಡಿದು ವರ್ಷದ ಮೇಲಾಯ್ತು."

ಆಗ ಆ ಉಗುರು ಯಾಕೆ ಸ್ವಚ್ಛ ಇತ್ತು ಅಂತ ಹೊಳೆಯಿತು.

ರಾಜ್ ಕುಮಾರ್ ವರ್ಸಸ್ ಅಜಯ್ ಕುಮಾರ್ ತೀರ್ಪು ನನಗೆ ಬಾಯಿಪಾಠ. 2010ರದ್ದು, ಸುಪ್ರೀಂ ಕೋರ್ಟಿನದ್ದು. ದೇಹಕ್ಕೆ ಎಷ್ಟು ಊನ ಆಯಿತು ಅನ್ನುವುದು ಬೇರೆ, ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದು ಬೇರೆ ಅಂತ ಅದರಲ್ಲಿ ಬಿಡಿಸಿ ಹೇಳಿದೆ. ಎಡಗೈ ಹೋದರೆ ಡ್ರೈವರ್ ಅಥವಾ ಬಡಗಿಯ ದುಡಿಮೆ ಹೆಚ್ಚುಕಮ್ಮಿ ಪೂರ್ತಿ ಹೋದ ಹಾಗೆ, ಅದೇ ಸರ್ಕಾರಿ ಗುಮಾಸ್ತನಾದರೆ ಕೆಲಸ ಉಳಿಯಬಹುದು. ಈ ಉದಾಹರಣೆಯನ್ನು ನಾನೇ ಎಷ್ಟೋ ವಾದದಲ್ಲಿ ಬರೆದಿದ್ದೇನೆ. ಏಣಿಯ ಮೇಲೆ ಬದುಕುವ ಮನುಷ್ಯ ಪಕ್ಕದಲ್ಲೇ ನಿಂತಿದ್ದಾಗ ಅದು ನೆನಪಾಗಲಿಲ್ಲ.

ಮೇಸ್ತ್ರಿಯನ್ನು ಸಾಕ್ಷಿಗೆ ಕರೆಸಿ, ಡಾಕ್ಟರನ್ನು ವಿಚಾರಣೆ ಮಾಡಿ, ಏಣಿಯ ಪ್ರಶ್ನೆ ಕೇಳಿದ್ದರೆ ದುಡಿಮೆಯ ನಷ್ಟವನ್ನು 30 ಪರ್ಸೆಂಟ್ ಅಂತ ಕೇಳಬಹುದಿತ್ತು. ಅಷ್ಟೇ ಕೊಡುತ್ತಿದ್ದರು ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಆದರೆ ಅದೇ ಆದಾಯ, ಅದೇ 16ಕ್ಕೆ ಲೆಕ್ಕ ಹಾಕಿದರೆ ಈ ಒಂದು ಬಾಬತ್ತಿಗೇ 6,91,200 ಆಗುತ್ತದೆ. ನಾನು ಇಡೀ ಕೇಸನ್ನು ಮುಗಿಸಿದ್ದು ಐದಕ್ಕೆ.

ಸಂಜೆ ಸೀನಿಯರ್ ಮುಂದೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಅದಾಲತ್ ಅವಾರ್ಡಿಗೆ ಅಪೀಲು ಇಲ್ಲ, ಅದು ನನಗೂ ಗೊತ್ತು. ಮೋಸದಂಥ ಕಾರಣ ಇದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. "ಇಲ್ಲಿ ಮೋಸ ಎಲ್ಲಿದೆ ಅಮ್ಮ? ಅವರೇ ಒಪ್ಪಿ ಸಹಿ ಹಾಕಿದ್ದಾರೆ" ಅಂದರು. ಒಪ್ಪುವ ಮೊದಲು ಅವರು ಹೇಳಲು ಬಂದ ಮಾತನ್ನು ತಡೆದದ್ದು ನಾನು. ಆ ತಪ್ಪಿಗೆ ಕಾನೂನಿನಲ್ಲಿ ದಾರಿ ಇಲ್ಲ.

ಎರಡು ತಿಂಗಳ ನಂತರ ಹಣದ ಅರ್ಜಿಗೆ ಸಹಿ ಹಾಕಲು ಬಂದರು. ಹೋಗುವ ಮುಂಚೆ, "ಆವತ್ತು ಏಣಿ ವಿಷಯ ಹೇಳಿದ್ದರೆ ಜಾಸ್ತಿ ಬರ್ತಿತ್ತಾ ಮೇಡಂ?" ಅಂತ ಕೇಳಿದರು. ಬಾಗಿಲ ಹತ್ತಿರ ನಿಂತೇ ಕೇಳಿದರು. ಬರುವ ಸಾಧ್ಯತೆ ಇತ್ತು ಅಂದೆ. ಕೇಳದೆ ಇದ್ದದ್ದು ನನ್ನ ತಪ್ಪು ಅಂತಲೂ ಹೇಳಿದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಾ, "ಸಾಲ ತೀರಿತಲ್ಲ ಬಿಡಿ" ಅಂದರು. ಎಡಗಾಲಿನ ಚಪ್ಪಲಿಗೆ ಬಗ್ಗಿ ಕೈಯಿಂದಲೇ ಪಾದ ತೂರಿಸಬೇಕಾಗಿತ್ತು.

ಈಗ ಡಿಸೆಬಿಲಿಟಿ ಸರ್ಟಿಫಿಕೇಟಿಗೆ ಕಳಿಸುವ ಮೊದಲೇ ಕೆಲಸದ ವಿವರ ಬರೆದು ಡಾಕ್ಟರಿಗೆ ಕೊಡುತ್ತೇನೆ. ನಮಗೆ ಬರುವ ಫಾರ್ಮಿನಲ್ಲಿ ಮೂಳೆಗೆ, ಕೀಲಿಗೆ, ಡಿಗ್ರಿಗೆ ಎಲ್ಲಕ್ಕೂ ಜಾಗ ಇದೆ, ಆ ಮನುಷ್ಯ ಏನು ಮಾಡಿ ಬದುಕುತ್ತಾನೆ ಅನ್ನುವುದಕ್ಕೆ ಒಂದು ಸಾಲು ಇಲ್ಲ. ಕಕ್ಷಿದಾರರನ್ನು ಎದ್ದು ನಡೆದು, ಕೂತು, ಬಗ್ಗಿ ತೋರಿಸಿ ಅನ್ನುತ್ತೇನೆ. ಬೆಳಿಗ್ಗೆ ಎದ್ದಾಗಿಂದ ಏನೇನು ಕೆಲಸ, ಯಾವುದನ್ನು ಬಿಟ್ಟಿದ್ದೀರಿ ಅಂತ ಒಂದೊಂದಾಗಿ ಕೇಳುತ್ತೇನೆ. ಅರ್ಧ ಗಂಟೆ ಹಿಡಿಯುತ್ತದೆ. ಅದು ಆಗದ ಫೈಲನ್ನು ಅದಾಲತ್ ಲಿಸ್ಟಿಗೆ ಕೊಡಲ್ಲ ಅಂತ ಸೀನಿಯರ್‌ಗೂ ಹೇಳಿದ್ದೇನೆ.

ನಾಳೆ ಹನ್ನೊಂದಕ್ಕೆ ಬಟ್ಟೆ ಹೊಲಿಯುವ ಒಬ್ಬ ಅಮ್ಮನ ಚೀಫ್, ಅಂದರೆ ಕೋರ್ಟಿನಲ್ಲಿ ಅವರ ಮೊದಲ ಸಾಕ್ಷ್ಯ, ಇದೆ. ರಸ್ತೆ ದಾಟುವಾಗ ಕಾರು ಗುದ್ದಿದ್ದು, ಬಲಗಾಲಿನ ಪಾದ. ಸರ್ಟಿಫಿಕೇಟಿನಲ್ಲಿ ಇಡೀ ದೇಹಕ್ಕೆ 9 ಪರ್ಸೆಂಟ್ ಅಂತಿದೆ. ನಿಮ್ಮ ಮಷೀನು ಮೋಟರಿನದ್ದಾ, ತುಳಿಯೋದಾ ಅಂತ ಇವತ್ತು ಫೋನ್ ಮಾಡಿ ಕೇಳಿದೆ. ತುಳಿಯೋದಂತೆ.