ಕಾನ್ಫಿಗರೇಶನ್ ಬ್ಯಾಕಪ್‌ಗೆ ಯಾವ ತಂತ್ರಾಂಶ?

ಮಡಿಕೇರಿ, 14 ಜೂನ್ 2024, ಶುಕ್ರವಾರ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಕರೆಂಟು ನಾಲ್ಕು ಸಲ ಹೋಗಿ ಬಂದಿದೆ. ಕಳೆದ ತಿಂಗಳು ಗೋಣಿಕೊಪ್ಪದ ಕಚೇರಿಯಲ್ಲಿ ಸಿಡಿಲಿಗೆ ಕಂಪ್ಯೂಟರುಗಳನ್ನು ಒಂದು ಜಾಲಕ್ಕೆ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಸುಟ್ಟುಹೋದಾಗ ಬದಲಿ ಸ್ವಿಚ್ ಒಂದೇ ದಿನದಲ್ಲಿ ಸಿಕ್ಕಿತು, ಆದರೆ ಅದಕ್ಕೆ ಹಾಕಬೇಕಾದ ಕಾನ್ಫಿಗರೇಶನ್‌ಗಾಗಿ, ಅಂದರೆ ಅದು ಹೇಗೆ ಕೆಲಸ ಮಾಡಬೇಕೆಂದು ಹೇಳುವ ಹೊಂದಿಕೆಗಳ ಪಠ್ಯಕ್ಕಾಗಿ, ಲ್ಯಾಪ್‌ಟಾಪ್ ಜಾಲಾಡಿದರೆ ಏಳು ತಿಂಗಳ ಹಳೆಯ ಪ್ರತಿಯೊಂದು ಮಾತ್ರ ಇತ್ತು. ಆಮೇಲೆ ಕ್ಯಾಮೆರಾಗಳಿಗೆಂದು ಸೇರಿಸಿದ ವಿಲ್ಯಾನ್ (ಅದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲ) ಅದರಲ್ಲಿರಲಿಲ್ಲ. ತಪ್ಪು ನನ್ನದೇ. ಕೈಯಾರೆ ಬ್ಯಾಕಪ್ ತೆಗೆಯುವ ಕೆಲಸವನ್ನು ನಾಳೆ ನಾಳೆ ಎಂದು ಮುಂದೂಡುತ್ತ ಬಂದವನು ನಾನು.

ಹೀಗಾಗಿ ಈ ವಾರವೆಲ್ಲ ತಾನಾಗಿಯೇ ಬ್ಯಾಕಪ್ ತೆಗೆಯುವ ತಂತ್ರಾಂಶಗಳನ್ನು ಪರೀಕ್ಷಿಸುವುದರಲ್ಲಿ ಕಳೆಯಿತು. ಐದು ಕಚೇರಿಗಳಲ್ಲಿ ನನ್ನ ಪಾಲಿಗಿರುವುದು ಸಿಸ್ಕೊ ಸ್ವಿಚ್‌ಗಳು, ಮೈಕ್ರೋಟಿಕ್ ರೂಟರ್‌ಗಳು ಮತ್ತು ಒಂದು ಫೈರ್‌ವಾಲ್. ಉಪಕರಣಗಳ ಲೆಕ್ಕದಲ್ಲಿ ಪರವಾನಗಿ ಶುಲ್ಕ ಕೇಳುವವುಗಳನ್ನು ಮೊದಲೇ ಬದಿಗಿಟ್ಟೆ. ಹಲವು ಯಂತ್ರಗಳನ್ನು ಒಟ್ಟಿಗೆ ನಿರ್ವಹಿಸುವ ಆನ್ಸಿಬಲ್‌ನಿಂದಲೂ ಈ ಕೆಲಸ ಆಗುತ್ತದೆ, ಆದರೆ ಬರೀ ಬ್ಯಾಕಪ್‌ಗಾಗಿ ಅದನ್ನು ತರುವುದು ನನಗೆ ಅತಿಯೆನಿಸಿತು.

ಉಳಿದದ್ದು ರ್‍ಯಾನ್ಸಿಡ್ ಮತ್ತು ಆಕ್ಸಿಡೈಸ್ಡ್. ರ್‍ಯಾನ್ಸಿಡ್ ಪರ್ಲ್ ಮತ್ತು ಎಕ್ಸ್‌ಪೆಕ್ಟ್‌ನಲ್ಲಿ ಬರೆದ, ಇಪ್ಪತ್ತು ವರ್ಷಕ್ಕೂ ಹಳೆಯ, ನಂಬಿಕಸ್ಥ ತಂತ್ರಾಂಶ. ಅದರ ಜಾಗ ತುಂಬಲೆಂದೇ ರೂಬಿಯಲ್ಲಿ ಬರೆದದ್ದು ಆಕ್ಸಿಡೈಸ್ಡ್. ಉಪಕರಣಗಳ ಪಟ್ಟಿಯನ್ನು ಒಂದು ಸಾದಾ ಕಡತದಲ್ಲಿ ಬರೆದಿಟ್ಟರೆ ಅದು ಮೂಲ ಹೊಂದಿಕೆಯಂತೆ 3600 ಸೆಕೆಂಡಿಗೊಮ್ಮೆ ಪ್ರತಿಯೊಂದಕ್ಕೂ ಲಾಗಿನ್ ಆಗಿ ಆ ಹೊತ್ತಿಗೆ ಚಾಲ್ತಿಯಲ್ಲಿರುವ ಕಾನ್ಫಿಗರೇಶನ್ ಓದಿ, ಬದಲಾವಣೆಯಿದ್ದರೆ ಮಾತ್ರ, ಕಡತಗಳ ಬದಲಾವಣೆಯ ಚರಿತ್ರೆ ಇಡುವ ಗಿಟ್‌ನಲ್ಲಿ ಹೊಸ ದಾಖಲೆ ಸೇರಿಸುತ್ತದೆ. ಗಡಿಯಾರ ಹೊಂದಿಸುವುದಕ್ಕೆ ಸಂಬಂಧಿಸಿದ ಸಿಸ್ಕೊದ ‘ಎನ್‌ಟಿಪಿ ಕ್ಲಾಕ್-ಪಿರಿಯಡ್’ ಸಾಲಿನಂತೆ ಯಾರೂ ಮುಟ್ಟದೆಯೂ ತಾನೇ ಬದಲಾಗುವ ಸಾಲುಗಳನ್ನು ಎರಡೂ ತೆಗೆದುಹಾಕುತ್ತವೆ. ಇಲ್ಲದಿದ್ದರೆ ಸುಳ್ಳು ಬದಲಾವಣೆಗಳ ರಾಶಿಯಲ್ಲಿ ನಿಜವಾದದ್ದು ಕಣ್ಣಿಗೇ ಬೀಳುವುದಿಲ್ಲ.

ನಾನು ಆಕ್ಸಿಡೈಸ್ಡ್ ಕಡೆ ವಾಲಿದ್ದು ನಿನ್ನೆ ನಡೆದ ಒಂದು ಸಣ್ಣ ಸಂಗತಿಯಿಂದ. ಜೊತೆಗಿರುವ ಹುಡುಗ ವಿರಾಜಪೇಟೆಯ ಸ್ವಿಚ್‌ನಲ್ಲಿ ಎರಡು ಪೋರ್ಟುಗಳನ್ನು ಬದಲಿಸಿ, ಸೇವ್ ಮಾಡುವುದನ್ನು ಮರೆತಿದ್ದ. ಮಧ್ಯಾಹ್ನ ಕರೆಂಟು ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ಸ್ವಿಚ್ ಹಳೆಯ ಕಾನ್ಫಿಗರೇಶನ್‌ನೊಂದಿಗೆ ಎದ್ದಿತು. ಮುಂದಿನ ಗಂಟೆಯ ದಾಖಲೆಯಲ್ಲಿ ಆ ಎರಡು ಪೋರ್ಟುಗಳ ಸಾಲುಗಳು ಅಳಿದಿರುವುದು ಕೆಂಪಗೆ ಕಾಣಿಸಿತು. ‘ಅಣ್ಣ, ನಾನು ಮಾಡಿದ್ದೆ, ನಿಜವಾಗಿಯೂ ಮಾಡಿದ್ದೆ’ ಎಂದು ಅವನು ಹೇಳುವಷ್ಟರಲ್ಲಿ ಅವನು ಮಾಡಿದ್ದೂ ಅದು ಹೋದದ್ದೂ ಎರಡೂ ಪರದೆಯ ಮೇಲಿದ್ದವು. ಇದನ್ನು ರ್‍ಯಾನ್ಸಿಡ್ ಕೂಡ ತೋರಿಸುತ್ತಿತ್ತು. ಆದರೆ ಎಲ್ಲ ಉಪಕರಣಗಳ ಸ್ಥಿತಿಯನ್ನೂ ಬ್ರೌಸರಿನಲ್ಲಿ ನೋಡುವ ಅನುಕೂಲ ಆಕ್ಸಿಡೈಸ್ಡ್‌ನಲ್ಲಿದೆ, ಮತ್ತು ನಾನು ಊರಲ್ಲಿಲ್ಲದ ದಿನ ಅದನ್ನು ನೋಡಬೇಕಾದವನು ಆ ಹುಡುಗನೇ.

ತೊಡಕುಗಳೂ ಇವೆ. ಎರಡು ಹಳೆಯ ಸ್ವಿಚ್‌ಗಳಿಗೆ ಹಳೆಯ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಗೂಢಲಿಪಿ ವಿಧಾನಗಳಷ್ಟೇ ಗೊತ್ತಿದ್ದುದರಿಂದ ಅವುಗಳಿಗೆ ಮಾತ್ರ ಪ್ರತ್ಯೇಕ ಅನುಮತಿ ಬರೆಯಬೇಕಾಯಿತು. ಮೈಕ್ರೋಟಿಕ್‌ನ ‘ಎಕ್ಸ್‌ಪೋರ್ಟ್’ ಪಠ್ಯದಲ್ಲಿ ಬಳಕೆದಾರರ ಪಾಸ್‌ವರ್ಡ್‌ಗಳಾಗಲಿ ಪ್ರಮಾಣಪತ್ರಗಳಾಗಲಿ ಬರುವುದಿಲ್ಲ. ಅವಕ್ಕೆ ಬೈನರಿ ಬ್ಯಾಕಪ್ ಬೇರೆಯಾಗಿ ಬೇಕು. ಪಾಸ್‌ವರ್ಡಿನಂಥ ಗುಟ್ಟಿನ ಸಾಲುಗಳನ್ನು ಅಳಿಸಿ ಉಳಿಸುವ ಆಯ್ಕೆ ಆಕ್ಸಿಡೈಸ್ಡ್‌ನಲ್ಲಿದೆ, ಆದರೆ ಹಾಗೆ ಅಳಿಸಿದ ಪ್ರತಿಯಿಂದ ಸುಟ್ಟ ಸ್ವಿಚ್‌ನ ಜಾಗಕ್ಕೆ ಹೊಸದನ್ನು ಪೂರ್ತಿಯಾಗಿ ನಿಲ್ಲಿಸಲಾಗದು. ಸಿಸ್ಕೊ ‘ಟೈಪ್ 7’ ಎಂಬ ರೀತಿಯಲ್ಲಿ ಮರೆಮಾಡಿದ ಪಾಸ್‌ವರ್ಡನ್ನು ಬಿಡಿಸುವುದು ಮಕ್ಕಳಾಟವೆಂಬುದೂ ಗೊತ್ತಿರುವುದರಿಂದ, ಗುಟ್ಟುಗಳನ್ನು ಉಳಿಸಿಕೊಂಡು ಗಿಟ್ ಕಡತಕೋಶಕ್ಕೆ ಇಬ್ಬರಿಗೆ ಮಾತ್ರ ಪ್ರವೇಶ ಕೊಡುವುದೆಂದು ತೀರ್ಮಾನಿಸಿದೆ.

ಮೌನವಾಗಿ ನಿಂತುಹೋಗುವ ಬ್ಯಾಕಪ್ ನನಗೆ ಎಲ್ಲಕ್ಕಿಂತ ಹೆಚ್ಚಿನ ಭಯ. ಯಾವುದಾದರೂ ಉಪಕರಣದಿಂದ ಓದಲು ಆಗದಿದ್ದರೆ ಇಮೇಲ್ ಬರುವಂತೆ ಇಂದು ಸ್ಕ್ರಿಪ್ಟ್ ಕಟ್ಟಿ, ಪರೀಕ್ಷೆಗೆಂದು ಸೋಮವಾರಪೇಟೆಯ ರೂಟರಿನ ಪಾಸ್‌ವರ್ಡನ್ನು ಬೇಕೆಂದೇ ಬದಲಿಸಿದೆ. ಇಮೇಲ್ ಬಂತು.

ಸರ್ವರ್ ಮಡಿಕೇರಿಯಲ್ಲೇ ಇರುವುದರಿಂದ ಎರಡನೆಯ ಪ್ರತಿ ಕುಶಾಲನಗರದ ಕಚೇರಿಗೆ ಹೋಗಬೇಕು. ಸೋಮವಾರ ಖಾಲಿ ಸ್ವಿಚ್ ಒಂದಕ್ಕೆ ಗೋಣಿಕೊಪ್ಪದ ಪ್ರತಿಯನ್ನು ಹಾಕಿ ಎಷ್ಟು ನಿಮಿಷ ಹಿಡಿಯುತ್ತದೆಂದು ನೋಡುತ್ತೇನೆ.