ಆಗುಂಬೆ ಘಾಟಿಯಲ್ಲಿ ಭಾವನ ದೊಡ್ಡ ಗಾಡಿ

ದೊಡ್ಡ ಗಾಡಿ ಅಂದ್ರೆ ಸೇಫು ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬುತ್ತಾರೆ. ಅದು ಸುಳ್ಳೇನಲ್ಲ. ಎರಡು ಗಾಡಿ ಗುದ್ದಿದಾಗ ಭಾರದ ಗಾಡಿಯಲ್ಲಿ ಕೂತವರಿಗೆ ಸಾಮಾನ್ಯವಾಗಿ ಪೆಟ್ಟು ಕಡಿಮೆ, ಎದುರಿನ ಸಣ್ಣ ಗಾಡಿಯವರಿಗೆ ಜಾಸ್ತಿ. ಆದರೆ ಗುದ್ದದ ಹಾಗೆ ಓಡಿಸೋದು ಬೇರೆಯದೇ ಲೆಕ್ಕ. ಕಳೆದ ಜೂನ್‌ನಲ್ಲಿ ತೀರ್ಥಹಳ್ಳಿಯಿಂದ ಉಡುಪಿಗೆ ಮದುವೆಗೆ ಹೋಗುವಾಗ ಆ ಲೆಕ್ಕ ನನಗೆ ಕೈಯಲ್ಲೇ ಗೊತ್ತಾಯಿತು.

ಭಾವನಿಗೆ ಬೆನ್ನುನೋವು, ಹಾಗಾಗಿ ಅವರ ಏಳು ಸೀಟಿನ ಎಸ್‌ಯುವಿಯನ್ನು ನಾನೇ ಓಡಿಸಿದೆ. ನಾನು ದಿನಾ ಓಡಿಸೋದು ಸಣ್ಣ ಹ್ಯಾಚ್‌ಬ್ಯಾಕ್, ಅದರ ತೂಕ 900 ಕೆಜಿ ಹತ್ತಿರ. ಇದು ಖಾಲಿ ಇದ್ದಾಗಲೇ ಹೆಚ್ಚುಕಮ್ಮಿ ಎರಡು ಟನ್. ಅದರ ಮೇಲೆ ಏಳು ಜನ, ಟಾಪಿನ ಕ್ಯಾರಿಯರ್‌ನಲ್ಲಿ ಸೂಟ್‌ಕೇಸುಗಳು, ಮತ್ತೆ ಅಕ್ಕ ಪ್ರೀತಿಯಿಂದ ಕಟ್ಟಿಸಿದ ಎರಡು ಹಲಸಿನ ಹಣ್ಣು. ಘಾಟಿ ಇನ್ನೂ ದೂರ ಇರುವಾಗಲೇ, ಸಾಧಾರಣ ತಿರುವಿನಲ್ಲೂ ಗಾಡಿ ಹೊರಗಡೆಗೆ ವಾಲುತ್ತಿತ್ತು. ಭಾರ ಎತ್ತರದಲ್ಲಿ ಇದ್ದಷ್ಟೂ ಹೀಗೇ. ಆಗುಂಬೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ಹಣ್ಣು, ಸೂಟ್‌ಕೇಸು ಎಲ್ಲಾ ಕೆಳಗಿಳಿಸಿ ಸೀಟಿನ ಸಂದಿಯಲ್ಲಿ, ಕಾಲಿನ ಹತ್ತಿರ ತುಂಬಿಸಿದೆ. ಅತ್ತೆ ಸ್ವಲ್ಪ ಗೊಣಗಿದರು. ಹಿಂದಿನ ಸಾಲಿನ ಮಕ್ಕಳಿಗೂ ಬೆಲ್ಟ್ ಹಾಕಿಸಿದೆ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವು. ಮಳೆ ಜಿನುಗುತ್ತಿತ್ತು, ಮಂಜು ಬೇರೆ. ಇಳಿಜಾರಲ್ಲಿ ಭಾರದ ಗಾಡಿಯನ್ನು ಬರೀ ಬ್ರೇಕಿನಲ್ಲೇ ಹಿಡಿದರೆ ಬ್ರೇಕ್ ಕಾದು ಹಿಡಿತ ಸಡಿಲವಾಗುತ್ತದೆ, ಅದಕ್ಕೆ ಮೊದಲ ತಿರುವಿನಿಂದಲೇ ಎರಡನೇ ಗೇರಿನಲ್ಲಿ ಇಳಿಸಿದೆ, ತೀರಾ ಕಡಿದಾದ ಕಡೆ ಒಂದನೇ ಗೇರು. ‘ಎಬಿಎಸ್ ಇದೆ, ಯಾಕಿಷ್ಟು ನಿಧಾನ?’ ಅಂತ ಭಾವ ಕೇಳಿದರು. ಇದೆ, ಹೊಸ ಕಾರುಗಳಿಗೆಲ್ಲ 2019ರಿಂದ ಅದು ಕಡ್ಡಾಯ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ಅದು ನೋಡಿಕೊಳ್ಳುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಟೈರಿಗೆ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರುತ್ತದೆ? ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲೋದಕ್ಕೆ ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಎತ್ತರದ ಸೀಟಿನಲ್ಲಿ ಕೂತರೆ ಆ ವೇಗ ಗೊತ್ತೇ ಆಗಲ್ಲ, ನನಗೆ ಹೆಚ್ಚು ಹೆದರಿಕೆ ಆಗೋದು ಅದಕ್ಕೇ.

ಒಂದು ಬಲ ತಿರುವು ಚೆನ್ನಾಗಿ ನೆನಪಿದೆ. ಗಾಜಿನ ಬಲಗಡೆಯ ಕಂಬ ಈ ಗಾಡಿಯಲ್ಲಿ ನನ್ನ ಅಂಗೈಗಿಂತ ದಪ್ಪ. ತಿರುಗಿಸುವ ಮೊದಲು ಮುಂದಕ್ಕೆ ಬಾಗಿ ಕಂಬದ ಆಚೆ ಇಣುಕಿದೆ. ಒಂದು ಸ್ಕೂಟರ್ ಹತ್ತಿ ಬರುತ್ತಿತ್ತು, ಗಂಡ, ಹೆಂಡತಿ, ನಡುವೆ ರೇನ್‌ಕೋಟ್ ಹಾಕಿದ ಮಗು. ಮೂರೂ ಜನ ಆ ಕಂಬದ ಹಿಂದೆ ಪೂರ್ತಿ ಮುಚ್ಚಿಹೋಗಿದ್ದರು! ನಿಲ್ಲಿಸಿ ಅವರನ್ನು ಹೋಗಲು ಬಿಟ್ಟೆ. ಮುಂದಿನ ತಿರುವಿನಲ್ಲಿ ಮಿನಿ ಬಸ್ ಬಂತು, ಅದಕ್ಕೂ ನಿಂತೆ. ಇಕ್ಕಟ್ಟಿನ ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ನಿಯಮವೇ ಹಾಗಿದೆ. ನನ್ನ ಸಣ್ಣ ಕಾರಿನ ಅಗಲ 1.7 ಮೀಟರ್, ಇದರದ್ದು 1.9. ಇಪ್ಪತ್ತು ಸೆಂಟಿಮೀಟರ್ ಕೇಳೋಕೆ ಏನೂ ಅಲ್ಲ, ಆದರೆ ಎಡಗಡೆ ಮೋರಿ, ಬಲಗಡೆ ಬಸ್ಸು ಇದ್ದಾಗ ಅಷ್ಟೇ ಎಲ್ಲಾ.

ಈಗ ಭಾವನ ತಮ್ಮನೂ ಇಂಥದ್ದೇ ಗಾಡಿ ಬುಕ್ ಮಾಡೋದಕ್ಕೆ ಹೊರಟಿದ್ದಾನೆ. ಬೇಡ ಅಂತ ನಾನು ಹೇಳಿಲ್ಲ, ಅವರ ತಾಯಿಗೆ ಮಂಡಿನೋವು, ಎತ್ತರದ ಸೀಟು ನಿಜವಾಗಲೂ ಆರಾಮ. ಸುಮ್ನೆ ಶೋರೂಮಿನ ಸುತ್ತ ಒಂದು ರೌಂಡ್ ಹೊಡೆದು ದುಡ್ಡು ಕಟ್ಟಬೇಡ, ಮೊದಲು ಭಾವನ ಗಾಡಿಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಆಗುಂಬೆ ಇಳಿದು ಹತ್ತು ಅಂದಿದ್ದೇನೆ. ಬರುವ ಭಾನುವಾರ ಹೋಗುತ್ತಿದ್ದೇವೆ, ಪಕ್ಕದ ಸೀಟಿನಲ್ಲಿ ನಾನು.